ಬಾಯಿ ಕಟ್ಟಿದ ಬಯಲು

"ಅಲ್ಲಿ ಕಬ್ಬಿಣ ಇಳಿಸಬೇಡ, ಬಾಬಾ," ಎಂದಳು ಮುದುಕಿ.

ಪ್ರಾಣೇಶ ಸುತ್ತಿಗೆ ಎತ್ತಿದವನು ಹಾಗೆಯೇ ನಿಂತ. ಹುಣಸೆಮರದ ಬುಡದಲ್ಲಿ ಜನವರಿಯ ಸಂಜೆ ಮಂಜು ಆಗಲೇ ಮೊಣಕಾಲಿನವರೆಗೆ ಏರಿತ್ತು. ಒದ್ದೆ ಹುಲ್ಲು, ಹಸಿ ಸಗಣಿ, ಎಲ್ಲೋ ಸುಡುತ್ತಿದ್ದ ಪ್ಲಾಸ್ಟಿಕ್ಕು, ಮೂರೂ ಸೇರಿದ ಘಾಟು ಮೂಗಿಗೆ ಅಡರುತ್ತಿತ್ತು. ಬಯಲಿನಾಚೆ ಹೊಸ ಅಪಾರ್ಟ್‌ಮೆಂಟುಗಳ ದೀಪ ಒಂದೊಂದಾಗಿ ಹೊತ್ತಿಕೊಳ್ಳುತ್ತಿದ್ದವು. ಮುದುಕಿ ಶೈಲಬಾಲಾ ಬೆರಣಿಯ ಬುಟ್ಟಿಯನ್ನು ಸೊಂಟಕ್ಕೆ ಒತ್ತಿಕೊಂಡು ಹತ್ತು ಮಾರು ದೂರದಲ್ಲೇ ನಿಂತಿದ್ದಳು. ಹದಿಮೂರು ದಿನದಿಂದ ಅವನು ಅವಳನ್ನು ಈ ಬಯಲಲ್ಲಿ ನೋಡುತ್ತಿದ್ದ. ಆ ಮರದ ನೆರಳಿಗೆ ಅವಳು ಕಾಲಿಟ್ಟದ್ದನ್ನು ಮಾತ್ರ ಒಮ್ಮೆಯೂ ಕಂಡಿರಲಿಲ್ಲ.

"ಯಾಕೆ, ಮರಕ್ಕೆ ನೋವಾಗುತ್ತದೆಯೇ?" ತನ್ನ ಹರಕುಮುರುಕು ಬಂಗಾಳಿಯಲ್ಲಿ ಕೇಳಿದ.

"ನನ್ನ ಮಾವ ಗುಣಿನ್ ಆಗಿದ್ದ. ಮಂತ್ರ ಬಲ್ಲವನು. ಈ ಬಯಲಿನ ನರಿಗಳ ಬಾಯಿ ಕಟ್ಟಿ, ಬೀಗ ಜಡಿದು, ಆ ಬೀಗವನ್ನು ಅಲ್ಲೇ ಹೂತ. ಐವತ್ತು ವರ್ಷ ಆಯಿತು. ಅದನ್ನು ತೆರೆದ ಕೈಗೆ ಅದು ಅಂಟಿಕೊಳ್ಳುತ್ತದೆ."

"ಏನು ಅಂಟಿಕೊಳ್ಳುತ್ತದೆ?"

ಮುದುಕಿ ಅತ್ತಿತ್ತ ನೋಡಿದಳು. ತಗ್ಗಿದ ದನಿಯಲ್ಲಿ, ಕೆಟ್ಟ ಮಾತು ಆಡುವವಳ ಹಾಗೆ, "ಖಿದೆ" ಎಂದಳು. ಹಸಿವು.

ಪ್ರಾಣೇಶನಿಗೆ ನಗು ಬಂತು. ಅದರ ಹಿಂದೆಯೇ ಸಿಟ್ಟೂ ಬಂತು. "ನರಿಗಳ ಬಾಯಿ ಕಟ್ಟಿದ್ದರೆ ನಿಮ್ಮ ಆರು ಕರುಗಳನ್ನು ತಿಂದದ್ದು ಯಾರು, ಅಜ್ಜಿ? ನಿಮ್ಮ ಮಾವನ ಬೀಗ ಹಳತಾಯಿತು. ಅಂಗಡಿಯಿಂದ ಹೊಸದು ತಂದು ಹಾಕಿ."

ಅವಳು ಒಣಗಿದ ತುಟಿಗಳನ್ನು ನಾಲಿಗೆಯಿಂದ ಒಮ್ಮೆ ಸವರಿಕೊಂಡು, ಬುಟ್ಟಿಯನ್ನು ಇನ್ನೊಂದು ಸೊಂಟಕ್ಕೆ ಬದಲಿಸಿ ಮಂಜಿನೊಳಗೆ ಹೊರಟುಹೋದಳು.

ಅವನ ಸಿಟ್ಟಿಗೆ ಕಾರಣವಿತ್ತು. ಕೋಲ್ಕತ್ತಾದ ದಕ್ಷಿಣದ ಅಂಚಿನ ಈ ಹುಲ್ಲುಗಾವಲನ್ನು ಊರವರು 'ಮುಖ್‌ಬಾಂಧಾ ಮಾಠ್', ಬಾಯಿ ಕಟ್ಟಿದ ಬಯಲು, ಎನ್ನುತ್ತಿದ್ದರು. ಗೌಳಿಗರ ನೂರಿಪ್ಪತ್ತು ದನಗಳು ಇಲ್ಲಿ ಮೇಯುತ್ತಿದ್ದವು. ಎರಡು ತಿಂಗಳಲ್ಲಿ ಆರು ಕರು ಸತ್ತಿದ್ದವು. ಎಲ್ಲವೂ ಹೊಟ್ಟೆ ಬಗೆಸಿಕೊಂಡು. ಕಾಗೆ ಹದ್ದುಗಳು ಕುಕ್ಕಿದ ಮೇಲೆ ಹಲ್ಲಿನ ಗುರುತು ಯಾವ ಪ್ರಾಣಿಯದೆಂದು ಪಶುವೈದ್ಯನಿಗೂ ತಿಳಿಯಲಿಲ್ಲ. ಗೌಳಿಗರ ಮುಖಂಡ ನಿತಾಇ ಗೋಪ ಅರ್ಜಿ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆದ. ಕೊನೆಗೆ ವನ್ಯಜೀವಿ ಸಂಶೋಧನೆಯ ತಂಡವೊಂದು ನರಿಗಳನ್ನು ಹಿಡಿದು ಬೇರೆಡೆ ಬಿಡಲು ಒಪ್ಪಿತು. ಹಿಡಿಯುವ ಕೆಲಸ ಧಾರವಾಡದ ಪ್ರಾಣೇಶನದು. ಹನ್ನೆರಡು ವರ್ಷ ಅದನ್ನೇ ಮಾಡಿದವನು. ಎಂಥ ಗುಮಾನಿಯ ನರಿಯನ್ನೂ ನಾಲ್ಕು ದಿನದಲ್ಲಿ ಬಲೆಗೆ ಕೆಡವುತ್ತೇನೆಂಬ ಹಮ್ಮು ಅವನಿಗಿತ್ತು.

ಹದಿಮೂರು ದಿನ. ಹತ್ತೊಂಬತ್ತು ಬೋನು. ಒಂದು ಪ್ರಾಣಿಯಿಲ್ಲ.

ದಿನಾ ನಸುಕಿಗೆ ಟಾಲಿಗಂಜ್‌ನ ಮನೆಯಿಂದ ಹೊರಟು, ಎರಡು ಆಟೋ ಬದಲಿಸಿ ಬಂದು, ಕೆಸರಲ್ಲಿ ಕಾಲೆಳೆಯುತ್ತ ಒಂದೊಂದೇ ಬೋನು ನೋಡುತ್ತಿದ್ದ. ಕಟ್ಟಿದ ಕೋಳಿಮಾಂಸ ಕಟ್ಟಿದ ಹಾಗೆಯೇ ಇರುತ್ತಿತ್ತು. ಮೀನು ಹಾಕಿದ, ಕುರಿಯ ಕರುಳು ಹಾಕಿದ, ವಾಸನೆ ಬದಲಿಸಿದ, ಜಾಗ ಬದಲಿಸಿದ. ಗೌಳಿಗರು ಮೊದಲು ಚಹಾ ಕೊಡುತ್ತಿದ್ದರು. ಆಮೇಲೆ ಚಹಾ ನಿಂತು ಚುಚ್ಚುಮಾತು ಶುರುವಾಯಿತು. ಇದು ನರಿಯಲ್ಲ, ಚಿರತೆಯೇ ಇರಬೇಕೆಂದು ಅವರು ಹಟ ಹಿಡಿದಾಗ ಆಳೆತ್ತರದ ಚಿರತೆಬೋನೊಂದನ್ನೂ ಲಾರಿಯಲ್ಲಿ ತರಿಸಿ ಬಯಲಿನ ನಡುವೆ ಇಟ್ಟಿದ್ದ. ಅದರ ನೆತ್ತಿಯ ಮೇಲೆ ಕೊಕ್ಕರೆಗಳು ಕೂತು ಹಿಕ್ಕೆ ಹಾಕುತ್ತಿದ್ದವು.

ಎಲ್ಲಕ್ಕಿಂತ ತಲೆ ಕೆಡಿಸಿದ್ದು ಬೋನುಗಳ ಮುಂದೆ ಕಟ್ಟಿದ್ದ ಕ್ಯಾಮೆರಾದ ಚಿತ್ರಗಳು. ನರಿಗಳು ಬರುತ್ತಿದ್ದವು. ಒಂದಲ್ಲ, ಏಳೆಂಟು. ಮಾಂಸದ ಮುಂದೆ ಅರ್ಧಚಂದ್ರಾಕಾರದಲ್ಲಿ ನಿಲ್ಲುತ್ತಿದ್ದವು. ಪಕ್ಕೆಲುಬು ಎಣಿಸುವಷ್ಟು ಸೊರಗಿದ ಮೈ. ಬಿಗಿಯಾಗಿ ಮುಚ್ಚಿದ ದವಡೆ. ಮುಚ್ಚಿದ ದವಡೆಯ ಸಂದಿನಿಂದ ಜೊಲ್ಲು ದಾರದ ಹಾಗೆ ಇಳಿದು ಹುಲ್ಲು ಮುಟ್ಟುತ್ತಿತ್ತು. ಹತ್ತು ನಿಮಿಷ ಹಾಗೇ ನಿಂತು ಹಿಂತಿರುಗುತ್ತಿದ್ದವು. ಬಯಲಿನ ಗಡಿ ದಾಟಿ ಕಸದ ರಾಶಿ ಸೇರಿದ ಕೂಡಲೇ ಅವೇ ನರಿಗಳು ಬಾಯ್ತುಂಬ ಕಚ್ಚಿ ತಿನ್ನುವುದನ್ನು ಅವನೇ ಕಣ್ಣಾರೆ ಕಂಡಿದ್ದ.

ಮುದುಕಿ ಮಂಜಿನಲ್ಲಿ ಮರೆಯಾದ ಹೊತ್ತಿಗೇ ಫೋನು ಹೊಡೆದುಕೊಂಡಿತು. ತಂಡದ ಮುಖ್ಯಸ್ಥ ರಂಜಿತ್.

"ಪ್ರಾಣೇಶ್, ಭಾನುವಾರಕ್ಕೆ ಪರ್ಮಿಟ್ ಮುಗಿಯುತ್ತೆ. ರಿಪೋರ್ಟಲ್ಲಿ ಏನಂತ ಬರೀಲಿ? ನರಿಗಳು ಉಪವಾಸ ಮಾಡ್ತಿದಾವೆ ಅಂತಾನಾ?"

"ಇನ್ನೆರಡು ದಿನ ಕೊಡ್ರಿ ಸರ್."

"ಹೋದ ವಾರಾನೂ ಇದನ್ನೇ ಹೇಳಿದ್ರಿ."

ಫೋನು ಜೇಬಿಗೆ ತುರುಕಿದ. ಕಿವಿ ಬಿಸಿಯಾಗಿದ್ದವು. ನರಿಯ ಕಾಲು ಕಚ್ಚಿ ಹಿಡಿಯುವ ಕಾಲ್ಗತ್ತರಿಯ ಗೂಟವನ್ನು ಹುಣಸೆಯ ಬುಡಕ್ಕೇ ಇಟ್ಟು, ಹದಿಮೂರು ದಿನದ ರೋಷವನ್ನೆಲ್ಲ ತೋಳಿಗೆ ತಂದುಕೊಂಡು ಸುತ್ತಿಗೆ ಬೀಸಿದ.

ಖಣ್.

ಮಣ್ಣು ಕೆದರಿದ. ಮುಷ್ಟಿಗಾತ್ರದ ಹಳೆಯ ಬೀಗವೊಂದು ಮೇಲೆ ಬಂತು. ತುಕ್ಕು ಅದನ್ನು ಅರೆಬರೆ ತಿಂದಿತ್ತು. ಸುತ್ತ ಕೂದಲು ಸುತ್ತಿತ್ತು. ಉದ್ದನೆಯ, ಹೆಂಗಸಿನ ಕೂದಲು, ನಿನ್ನೆ ಎಣ್ಣೆ ಹಚ್ಚಿ ಬಾಚಿದಷ್ಟು ಕಪ್ಪಗೆ. ಎಸೆದುಬಿಡಬಹುದಿತ್ತು. ಮುದುಕಿಯ ಮಾತಿಗೋ, ರಂಜಿತನ ಮಾತಿಗೋ ಉತ್ತರ ಕೊಡುವವನಂತೆ ಅದನ್ನು ಕಲ್ಲಿನ ಮೇಲಿಟ್ಟು ಒಂದೇ ಏಟು ಹಾಕಿದ. ಬೀಗದ ಕೊಂಡಿ ಬಾಯ್ಬಿಟ್ಟಿತು. ಒಳಗಿನಿಂದ ಬೆಚ್ಚನೆಯ ಗಾಳಿ ಅವನ ಮುಂಗೈ ಮೇಲೆ ಹಾಯಿತು. ಬಹಳ ದಿನ ಉಂಡಿಲ್ಲದವರ ಬಾಯಿಯ ವಾಸನೆ. ಅಂಗೈ ತುರಿಸಿತು. ಪ್ಯಾಂಟಿಗೆ ಒರೆಸಿಕೊಂಡು, ಕಾಲ್ಗತ್ತರಿಯನ್ನು ಹೂಡಿ, ಮೇಲೆ ಎಲೆ ಮುಚ್ಚಿ ಮನೆಗೆ ಹೋದ.

ಮರುದಿನ ನಸುಕಿಗೆ ಬಯಲಿಗೆ ಬಂದಾಗ ನಿತಾಇ ದೂರದಿಂದಲೇ ಕೂಗುತ್ತಾ ಓಡಿಬಂದ. ಕಾಲ್ಗತ್ತರಿಗೆ ಬಿದ್ದದ್ದು ನರಿಯಲ್ಲ. ಶೈಲಬಾಲಾ.

ಅವಳು ಮರದ ಬುಡದಲ್ಲಿ ಕೂತಿದ್ದಳು. ಕತ್ತರಿಯ ರಬ್ಬರು ಹಲ್ಲು ಹರಡಿನ ಮೇಲೆ ಕಚ್ಚಿ ಕಾಲು ಊದಿಕೊಂಡಿತ್ತು. ಒಡೆದ ಬೀಗ ಅವಳ ಮಡಿಲಲ್ಲಿತ್ತು. ಅದನ್ನು ಮತ್ತೆ ಹೂಳಲು ಕತ್ತಲಲ್ಲಿ ಬಂದು ತಡಕಾಡಿದ್ದಳಂತೆ. ಪ್ರಾಣೇಶ ಗಾಬರಿಯಿಂದ ಕತ್ತರಿ ಬಿಡಿಸತೊಡಗಿದ. ಅವಳು ನರಳಲಿಲ್ಲ. ಅವನ ಮುಖವನ್ನೇ ನೋಡುತ್ತಿದ್ದಳು. ಕಣ್ಣಲ್ಲಿ ನೀರು ತುಂಬಿತ್ತು.

"ನನಗೆ ಹಸಿವಿಲ್ಲ," ಎಂದಳು. "ಐವತ್ತು ವರ್ಷದಲ್ಲಿ ಮೊದಲ ಸಲ. ಬಾಬಾ, ನಿನ್ನ ಮನೆಯಲ್ಲಿ ಕೂಸಿದೆಯೇ?"

"ಅಜ್ಜಿ, ಅಲುಗಾಡಬೇಡಿ."

"ಕೂಸಿದ್ದರೆ ಮನೆಗೆ ಹೋಗಬೇಡ."

"ಜ್ವರದಲ್ಲಿ ಬಡಬಡಿಸುತ್ತಿದ್ದಾಳೆ," ಎಂದು ನಿತಾಇಗೆ ಹೇಳಿ ಆಂಬುಲೆನ್ಸಿಗೆ ಫೋನು ಮಾಡಿದ. ಇದೂ ತನ್ನ ತಲೆಗೇ ಬರುತ್ತದೆ, ಬಡಪಾಯಿ ಮುದುಕಿಯ ಕಾಲು ಮುರಿದವನೆಂದು ರಿಪೋರ್ಟಿನಲ್ಲಿ ಸೇರುತ್ತದೆ ಎಂಬುದೊಂದೇ ಅವನ ಚಿಂತೆ.

ಆಂಬುಲೆನ್ಸು ಹೋದ ಮೇಲೆ ಉಳಿದ ಬೋನುಗಳತ್ತ ನಡೆದ. ಮೊದಲನೆಯದರಲ್ಲಿ ನರಿ. ಎರಡನೆಯದರಲ್ಲಿ ನರಿ. ನಾಲ್ಕನೆಯದರಲ್ಲಿ ಎರಡು. ಹನ್ನೊಂದು ನರಿಗಳು ಮಾಂಸ ನುಂಗಿ, ಬಾಯಿ ಅಗಲ ತೆರೆದು, ತಂತಿ ಕಡಿಯುತ್ತ ಊಳಿಡುತ್ತಿದ್ದವು. ಬಯಲಿನ ದನಗಳು ಹೆದರಿ ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು. ಗೌಳಿಗರು ಕುಣಿದರು. ನಿತಾಇ ಅವನನ್ನು ತಬ್ಬಿಕೊಂಡು, ದೊಡ್ಡ ಡಬ್ಬಿ ತುಂಬ ಸಂದೇಶ್ ಮಿಠಾಯಿ ತರಿಸಿದ. ರಂಜಿತ್ ಫೋನಿನಲ್ಲಿ "ಸೂಪರ್, ಸೂಪರ್" ಎಂದ.

ಪ್ರಾಣೇಶ ಡಬ್ಬಿಯ ಸಂದೇಶ್‌ಗಳನ್ನೆಲ್ಲ ತಿಂದ. ಆಮೇಲೆ ಪೂರಿ. ಆಮೇಲೆ ನಿತಾಇಯ ಬುತ್ತಿ. ಗೌಳಿಗರು ಮೊದಲು ನಕ್ಕರು, ಆಮೇಲೆ ಒಬ್ಬೊಬ್ಬರಾಗಿ ದೂರ ಸರಿದರು. ತಿಂದದ್ದು ಗಂಟಲು ದಾಟಿದ ಮೇಲೆ ಎಲ್ಲಿಗೆ ಹೋಗುತ್ತಿದೆಯೆಂದೇ ಅವನಿಗೆ ತಿಳಿಯಲಿಲ್ಲ. ಹೊಟ್ಟೆಯೊಳಗೆ ತಳವಿಲ್ಲದ ಬಾವಿಯೊಂದು ತೆರೆದುಕೊಂಡಂತಿತ್ತು.

ಮನೆಯಲ್ಲಿ ಹೆಂಡತಿ ಕೃಷ್ಣವೇಣಿ ರೊಟ್ಟಿ ಬಡಿಯುತ್ತಿದ್ದಳು. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವವಳು, ರಜೆಯಿದ್ದ ದಿನ ಲೇಕ್ ಮಾರ್ಕೆಟ್ಟಿನಿಂದ ಜೋಳದ ಹಿಟ್ಟು ತಂದು ಊರಿನ ಅಡುಗೆ ಮಾಡುವ ರೂಢಿ. ಎಂಟು ತಿಂಗಳ ಮಗಳು ಇಂಚರಾ ಚಾಪೆಯ ಮೇಲೆ ಅಂಬೆಗಾಲಿಡುತ್ತಿತ್ತು.

ಪ್ರಾಣೇಶ ಹದಿನಾಲ್ಕು ರೊಟ್ಟಿ ತಿಂದ.

"ಹೊಟ್ಟಿ ತುಂಬಲಿಲ್ಲೇನ್ರೀ?" ಕೃಷ್ಣವೇಣಿ ನಗುತ್ತ ಕೇಳಿದಳು. ಅವನು ಹಸಿ ಹಿಟ್ಟಿಗೆ ಕೈ ಹಾಕಿದಾಗ ಅವಳ ನಗು ನಿಂತಿತು. "ಏನಾಗ್ಯದ ನಿಮಗ? ಡಾಕ್ಟರ್ ಕಡೆ ಹೋಗೋಣೇನು?"

"ಏನಿಲ್ಲ. ದಣದೀನಿ ಅಷ್ಟ."

ಅವಳು ಒಳಗೆ ಹೋಗಿ ಬರುವಷ್ಟರಲ್ಲಿ ಅವನು ಬಾಲ್ಕನಿಯಲ್ಲಿದ್ದ. ನರಿಗಳಿಗೆಂದು ತಂದಿಟ್ಟ ಮಾಂಸದ ಐಸ್‌ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಜನ್ಮದಲ್ಲಿ ಮಾಂಸ ತಿಂದವನಲ್ಲ. ಹಸಿ ಕೋಳಿಯ ಎಲುಬು ಹಲ್ಲಿನ ನಡುವೆ ಚಟಚಟ ಮುರಿಯುತ್ತಿತ್ತು. ತಣ್ಣನೆಯ ನೆತ್ತರು ಮೊಣಕೈವರೆಗೆ ಇಳಿದಿತ್ತು. ತಾನೇನು ಮಾಡುತ್ತಿದ್ದೇನೆಂದು ಅವನಿಗೆ ಗೊತ್ತಿತ್ತು. ನಿಲ್ಲಿಸಲಾಗುತ್ತಿರಲಿಲ್ಲ.

ಆಗ ಇಂಚರಾ ತೆವಳುತ್ತ ಬಾಲ್ಕನಿಗೆ ಬಂತು. ಅಪ್ಪನ ಬೆನ್ನು ಹಿಡಿದು ಎದ್ದು ನಿಂತಿತು.

ವಾಸನೆ. ಹಾಲಿನ ವಾಸನೆ. ಎಳೆ ಕೊರಳಿನ ಮಡಿಕೆಯಲ್ಲಿ ಬೆವರು, ಪೌಡರು, ಬೆಚ್ಚನೆಯ ರಕ್ತ. ಅವನು ತಿರುಗಿದ. ಮಗು ನಕ್ಕಿತು. ಅವನ ದವಡೆ ತಾನಾಗಿ ಸಡಿಲವಾಯಿತು. ಜೊಲ್ಲು ಇಳಿಯಿತು. ಹೊಟ್ಟೆಯೊಳಗಿನ ಬಾವಿ ಹೇಳಿತು: ಇದು. ಇದೇ. ಇಷ್ಟೂ ಹೊತ್ತು ಕೇಳುತ್ತಿದ್ದದ್ದು ಇದನ್ನೇ. ಅವನ ಕೈ ಮಗುವಿನ ತೋಳು ಹಿಡಿಯಿತು. ತೋಳು ಬಾಯಿಯ ಹತ್ತಿರ ಬಂತು.

"ಏನ್ರೀ!"

ಕೃಷ್ಣವೇಣಿಯ ಚೀರಾಟಕ್ಕೆ ಬೆರಳು ಬಿಟ್ಟುಕೊಂಡವು. ಮಗುವನ್ನು ಅವಳು ಕಿತ್ತುಕೊಂಡಳು. ಅವನು ಗೋಡೆಗೆ ಬೆನ್ನು ಹಚ್ಚಿ, ತನ್ನ ಮುಂಗೈಯನ್ನೇ ಕಚ್ಚಿಕೊಂಡು ನಿಂತ.

"ಖೋಲಿಯೊಳಗ ಹೋಗು. ಚಿಲಕ ಹಾಕ್ಕೋ. ನಾ ಕರೆದ್ರೂ ತೆಗೀಬ್ಯಾಡ."

"ಯಾಕ ಹಿಂಗ ಮಾಡಲಿಕ್ಕತ್ತೀರಿ? ನನಗ ಅಂಜಿಕಿ ಆಗ್ಲಿಕ್ಕತ್ತದ."

"ಹೋಗು ಅಂದೆ!"

ಮೆಟ್ಟಿಲು ಹಾರಿ ಬೀದಿಗೆ ಬಂದ. ಆಟೋದಲ್ಲಿ ಪಕ್ಕದಲ್ಲಿ ಕೂತವರ ವಾಸನೆ ಅವನನ್ನು ಕೆಣಕಲಿಲ್ಲ. ಅದು ಇನ್ನೂ ಹೆಚ್ಚು ಭಯ ತಂದಿತು. ಅದಕ್ಕೆ ಯಾರಾದರೂ ಆಗದು; ತನ್ನವರೇ ಬೇಕು. ದಾರಿಯಲ್ಲೇ ಹೆಂಡತಿಗೆ ಫೋನು ಮಾಡಿ ಬೀಗದ ಕತೆಯನ್ನು, ಮುದುಕಿ ಹೇಳಿದ್ದನ್ನು, ಅವಳಿರುವ ಸರ್ಕಾರಿ ಆಸ್ಪತ್ರೆಯ ಹೆಸರನ್ನು ಒಂದೇ ಉಸಿರಿಗೆ ಹೇಳಿದ. "ನನ್ನ ನಂಬಬ್ಯಾಡ. ಪಾಪೂನ ಕರ್ಕೊಂಡು ಧಾರವಾಡಕ್ಕ ಹೋಗಿಬಿಡು."

ಬಯಲಿನ ನಡುವಿನ ಚಿರತೆಬೋನಿನೊಳಗೆ ತಾನೇ ಹೊಕ್ಕ. ಬಾಗಿಲು ಬೀಳಿಸಿದ. ಕಬ್ಬಿಣ ಕಬ್ಬಿಣಕ್ಕೆ ಬಡಿದು ಹೊರಗಿನ ಅಗಳಿ ಕೂತಿತು. ನಿತಾಇ ಬಿಟ್ಟ ಕಣ್ಣಿನಿಂದ ನೋಡುತ್ತಿದ್ದ.

"ಬೆಳಗಿನವರೆಗೆ ತೆರೆಯಬೇಡ, ನಿತಾಇ ದಾದಾ. ಅತ್ತರೂ ತೆರೆಯಬೇಡ. ಕಾಲು ಹಿಡಿದರೂ ತೆರೆಯಬೇಡ."

"ಹುಚ್ಚು ಹಿಡಿಯಿತೇ ಸಾಹೇಬರೇ? ಜನ ನೋಡಿದರೆ ನನಗೇ ಬೈತಾರೆ."

"ಆರು ಕರು ತಿಂದದ್ದು ಈಗ ಇದರೊಳಗಿದೆ ಅಂದುಕೋ."

ಆ ರಾತ್ರಿ ಅವನು ಅತ್ತ. ಕಾಲು ಹಿಡಿಯಲು ಸರಳಿನ ಸಂದಿಯಲ್ಲಿ ಕೈ ಚಾಚಿದ. ನಿತಾಇಯ ತಾಯಿಯನ್ನು ಬೈದ. ಸರಳು ಕಡಿದು ಎರಡು ಹಲ್ಲು ಮುರಿದುಕೊಂಡ. ನಿತಾಇ ಕಿವಿ ಮುಚ್ಚಿಕೊಂಡು ಕೊಟ್ಟಿಗೆಯ ಗೋಡೆಗೆ ಒರಗಿ ಕೂತಿದ್ದ; ತೆರೆಯಲಿಲ್ಲ.

ಬೆಳಕು ಹರಿಯುವಾಗ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಬೋನಿನ ಸರಳುಗಳಾಚೆ ಏನೂ ಕಾಣುತ್ತಿರಲಿಲ್ಲ. ಹೆಜ್ಜೆ ಸಪ್ಪಳ ಕೇಳಿತು. ಅದಕ್ಕಿಂತ ಮೊದಲು ವಾಸನೆ ಬಂತು. ತನ್ನವರ ವಾಸನೆ. 

ಕೃಷ್ಣವೇಣಿ ಒಬ್ಬಳೇ ಬಂದಿದ್ದಳು. ಹೆಗಲಿಗೆ ಶಾಲು, ಕೈಯಲ್ಲಿ ಡೆಟ್ಟಾಲು, ಹತ್ತಿ, ಬ್ಯಾಂಡೇಜು ತುಂಬಿದ ಚೀಲ.

"ಪಾಪು ಎಲ್ಲದ?"

"ಕೆಳಗಿನ ಮನಿಯವರ ಕಡೆ ಬಿಟ್ಟೀನಿ. ಸಂಜೀಕ ಆ ಅಜ್ಜಿ ಕಡೆ ಹೋಗಿದ್ದೆ."

"ಯಾಕ ಬಂದಿ ಇಲ್ಲಿ? ಹೋಗು. ದೂರ ಹೋಗು."

ಅವಳು ಬೋನಿನ ಮುಂದೆ ಒದ್ದೆ ಹುಲ್ಲಿನ ಮೇಲೆ ಕೂತಳು. ಅವಳ ದನಿ ಕ್ಲಾಸಿನಲ್ಲಿ ಲೆಕ್ಕ ಬಿಡಿಸುವವಳ ದನಿಯಷ್ಟೇ ಸಮವಾಗಿತ್ತು.

"ಪ್ರಾಣಿ ಬಾಯಿ ಕಟ್ಟಿದ್ರ ಅದರ ಹಸಿವಿ ಎಲ್ಲೆರ ಒಂದು ಕಡೆ ಇರಬೇಕಲ್ಲ? ಆಕಿ ಮಾವ ತನ್ನ ಮಕ್ಕಳ ಮ್ಯಾಲೆ ಇಡಲಿಲ್ಲ. ಹದಿನೇಳು ವರ್ಷದ ಸೊಸಿ ಕೂದಲಾ ಸುತ್ತಿ, ಆಕಿ ಕೈಲೇ ಬೀಗ ಒತ್ತಿಸಿದನಂತ. ಅದಕ್ಕ ತನ್ನವರ ಬೇಕು, ಬ್ಯಾರೆದ್ದು ಎಷ್ಟು ತಿಂದ್ರೂ ಸಾಲಂಗಿಲ್ಲ. ಆಕಿ ಎರಡನೇ ಕೂಸು ತೊಟ್ಟಲದಾಗ ಇತ್ತಂತ." ಅವಳು ಹೆಗಲ ಶಾಲನ್ನು ಬಿಗಿಯಾಗಿ ಎಳೆದುಕೊಂಡಳು. "ಆಮ್ಯಾಲೆ ಒಳಗ ಸಣ್ಣಗ ಕುಟುಕ್ತಿದ್ರೂ ನಲವತ್ತೇಳು ವರ್ಷ ಸುಮ್ಮನಿತ್ತು. ಹ್ವಾದ ವರ್ಷ ಮತ್ತ ಎದ್ದದ. ಆಗ ತನ್ನವರಂತ ಯಾರೂ ಉಳದಿರಲಿಲ್ಲ. ಅಳಕೋತ ಅಳಕೋತ ಕರು ತಿಂದೀನಿ ಅಂದ್ಲು."

ಪ್ರಾಣೇಶನಿಗೆ ಅರ್ಥವಾಯಿತು. ಅವಳು ಯಾಕೆ ಬಂದಿದ್ದಾಳೆಂದೂ ಅರ್ಥವಾಯಿತು.

"ಬ್ಯಾಡ, ವೇಣಿ. ಕೈ ಮುಗೀತೀನಿ. ಬ್ಯಾಡ."

"ಎಷ್ಟು ಬೇಕಂತ ಕೇಳಿದೆ ಆಕಿನ್ನ. ಗೊತ್ತಿಲ್ಲಂದ್ಲು. ಆಕಿಗೆ ಯಾರೂ ಸ್ವಲ್ಪ ಕೊಟ್ಟು ನೋಡಿಲ್ಲ."

"ನಿತಾಇ! ಈಕೀನ ಕರ್ಕೊಂಡು ಹೋಗು! ನಿತಾಇ!"

ಅವಳು ಉಂಗುರ ಕಳಚಿ ಚೀಲಕ್ಕೆ ಹಾಕಿದಳು. ಎಡಗೈಯನ್ನು ಸರಳುಗಳ ನಡುವೆ ಚಾಚಿದಳು. ಮುಖ ಆಚೆ ತಿರುಗಿಸಿದಳು. ಅವನು ಹಿಂದೆ ಸರಿದ. ಬೆನ್ನಿಗೆ ಕಬ್ಬಿಣ ತಾಗಿತು. ಕಣ್ಣು ಮುಚ್ಚಿದ. ವಾಸನೆ ಮುಚ್ಚಲಾಗಲಿಲ್ಲ. ಕಾಲುಗಳು ತಾವಾಗಿ ಬಾಗಿದವು. ಅಂಗೈಗಳು ನೆಲ ಮುಟ್ಟಿದವು. ನಾಲ್ಕು ಕಾಲಲ್ಲಿ ಮುಂದೆ ಸರಿದ. ಬೇಡ ಎಂದ. ಬೇಡ ಎನ್ನಲು ತೆರೆದ ಬಾಯಿ ಮುಚ್ಚಲಿಲ್ಲ.

ಮಂಜಿನೊಳಗೆ ಅವಳ ಕೂಗು ಎದ್ದಿತು. ಬಯಲಿನ ನೂರಿಪ್ಪತ್ತು ದನಗಳೂ ಒಮ್ಮೆಲೇ ತಲೆ ಎತ್ತಿದವು.

ಕಿರುಬೆರಳು. ಉಂಗುರದ ಬೆರಳು. ಎರಡನ್ನು ನುಂಗಿದ ಮೇಲೆ ಹೊಟ್ಟೆಯೊಳಗಿನ ಬಾವಿ ನಿಧಾನವಾಗಿ ಮುಚ್ಚಿಕೊಂಡಿತು. ಬಿರುಗಾಳಿ ನಿಂತ ಹಾಗೆ. ಮೌನ. ಅವನು ಬೋನಿನ ನೆಲದ ಮೇಲೆ ಕವುಚಿ ಬಿದ್ದು, ತುಟಿಯ ಮೇಲಿನ ಉಪ್ಪನ್ನು ಒರೆಸಿಕೊಳ್ಳಲೂ ಹೆದರಿ ಬಿಕ್ಕತೊಡಗಿದ. ಓಡಿಬಂದ ನಿತಾಇ ಕೃಷ್ಣವೇಣಿಯ ಕೈಗೆ ಬಟ್ಟೆ ಸುತ್ತಿದ. ಆಸ್ಪತ್ರೆಯಲ್ಲಿ ಅವಳು, ಕಾಲ್ಗತ್ತರಿ ಮುಟ್ಟಿ ನೋಡಲು ಹೋಗಿ ಹೀಗಾಯಿತು ಎಂದು ಬರೆಸಿದಳು.

ಶೈಲಬಾಲಾ ಅದೇ ವಾರ ತೀರಿಕೊಂಡಳು. ಕೊನೆಯ ದಿನಗಳಲ್ಲಿ ಗಂಜಿ ಕುಡಿದು, ಸಾಕು ಎಂದು ಬಟ್ಟಲು ಪಕ್ಕಕ್ಕಿಟ್ಟು, ಆ 'ಸಾಕು' ಎಂಬ ಮಾತನ್ನೇ ಮತ್ತೆ ಮತ್ತೆ ಹೇಳಿ ನಗುತ್ತಿದ್ದಳೆಂದು ನರ್ಸು ತಿಳಿಸಿದಳು. ಮುಖ್‌ಬಾಂಧಾ ಮಾಠ್‌ನಲ್ಲಿ ಅದಾದ ಮೇಲೆ ಕರು ಸತ್ತಿಲ್ಲ. ಹನ್ನೊಂದು ನರಿಗಳ ಮೇಲಿನ ರಿಪೋರ್ಟಿಗೆ ರಂಜಿತನಿಗೆ ಒಳ್ಳೆಯ ಹೆಸರು ಬಂತು. ಪ್ರಾಣೇಶ ಬಲೆ ಹೂಡುವ ಕೆಲಸ ಬಿಟ್ಟು ಕಚೇರಿಯ ಮೇಜಿಗೆ ಬದಲಾದ.

ಈಗ ಇಂಚರಾಳಿಗೆ ಮೂರು ವರ್ಷ. ತಾಯಿ ಮೂರೇ ಬೆರಳಿನ ಎಡಗೈಯಲ್ಲಿ ಕೂದಲು ಹಿಡಿದು ಜಡೆ ಹೆಣೆಯುತ್ತಾಳೆ. ಮಗು ಕನ್ನಡ, ಬಂಗಾಳಿ ಬೆರೆಸಿ ಹರಟುತ್ತ ಅಪ್ಪನತ್ತ ಕೈ ಚಾಚಿ, ಎತ್ತಿಕೋ ಎನ್ನುತ್ತದೆ. ಆ ಹಸಿವು ಸುಮ್ಮನಾದದ್ದು ಎಷ್ಟು ವರ್ಷಕ್ಕೆಂದು ಅವರಿಬ್ಬರಿಗೂ ಗೊತ್ತಿಲ್ಲ. ಎರಡು ಬೆರಳಿಗೆ ಎಷ್ಟು ದಿನ ಬರುತ್ತದೆಂದು ಕೇಳಲು ಯಾರೂ ಉಳಿದಿಲ್ಲ. ಕೃಷ್ಣವೇಣಿ ಗಂಡನ ಮುಖ ನೋಡುತ್ತಾಳೆ. ಪ್ರಾಣೇಶ ಎದ್ದು ಅಡುಗೆಮನೆಗೆ ಹೋಗುತ್ತಾನೆ. ತಟ್ಟೆ ತುಂಬ ಬಡಿಸಿಕೊಂಡು, ಒಂದೊಂದೇ ತುತ್ತನ್ನು ಅಗಿದು, ಹೊಟ್ಟೆಯ ಮೇಲೆ ಕೈಯಿಟ್ಟು, ಅದು ತುಂಬಿತೇ ಎಂದು ಬಹಳ ಹೊತ್ತು ಕಿವಿಗೊಟ್ಟು ಕೂರುತ್ತಾನೆ.

ಆಮೇಲಷ್ಟೇ ಬಂದು ಮಗಳನ್ನು ಎತ್ತಿಕೊಳ್ಳುತ್ತಾನೆ.